ಗಿರಿಜತ್ತೆಯ ಬಿಳಿ ಹಲಗೆ

ಬಿಳಿ ಹಲಗೆಯ ಮೇಲೆ ಬರೆಯುವ ಪೆನ್ನಿನ ಮುಚ್ಚಳ ತೆಗೆದಾಗ ಸ್ಪಿರಿಟ್ಟಿನಂಥ ಒಂದು ವಾಸನೆ ಮೂಗಿಗೆ ಚುರುಕ್ಕೆಂದು ತಾಗುತ್ತದಲ್ಲ, ಹೆಚ್ಚಿನವರಿಗೆ ಅದು ಕ್ಲಾಸನ್ನೋ ಆಫೀಸಿನ ಮೀಟಿಂಗನ್ನೋ ನೆನಪಿಸುತ್ತದೆ. ನನಗೆ ಮಾತ್ರ ಅದರ ಹಿಂದೆಯೇ ಬಿಸಿ ಡಿಕಾಕ್ಷನ್ನಿನ ಘಮ ಬರುತ್ತದೆ. ಮೊನ್ನೆ ಪೊಮೊನಾದ ನಮ್ಮ ಕಾಲೇಜಿನಲ್ಲಿ ಪಕ್ಕದ ಹುಡುಗಿ ಪೆನ್ನು ತೆಗೆದು ಗೋಡೆಯ ಹಲಗೆಯ ಮೇಲೆ ಏನೋ ಲೆಕ್ಕ ಮಾಡತೊಡಗಿದಳು. ನಾನು ಲೆಕ್ಕ ಬಿಟ್ಟು, ಲಾಸ್ ಏಂಜಲೀಸಿಗೆ ಅಂಟಿದ ಗ್ಲೆಂಡೇಲಿನ ನಮ್ಮ ಹಳೇ ಬಾಡಿಗೆ ಮನೆಯ ಅಡುಗೆಮನೆಯಲ್ಲಿ ನಿಂತಿದ್ದೆ. ಕಿಟಕಿಯಾಚೆ ನಿಂಬೆಗಿಡ, ಒಲೆಯ ಮೇಲೆ ಹಾಲು, ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡ ಬಿಳಿ ಹಲಗೆ, ಅದರ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತ ಗಿರಿಜತ್ತೆ. ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಅತ್ತೆ ಎಲ್ಲೂ ಇಲ್ಲ.

ಗಿರಿಜತ್ತೆ ಅಪ್ಪನ ಅಕ್ಕ. ದಾವಣಗೆರೆಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಿ.ಟಿ. ಟೀಚರಾಗಿ, ಖೋಖೋ ಟೀಮು ಕಟ್ಟಿ, ಮದುವೆಯ ಮಾತು ತಂದವರನ್ನೆಲ್ಲ ಗೇಟಿನಿಂದಲೇ ವಾಪಸ್ಸು ಕಳಿಸಿದವರು. ಅಪ್ಪ ಎಂದೋ ಅವರ ಹೆಸರಿಗೆ ಅಪ್ಲೈ ಮಾಡಿದ್ದ ಅಮೆರಿಕದ ಗ್ರೀನ್ ಕಾರ್ಡು, ಎಲ್ಲರೂ ಅದನ್ನು ಮರೆತಿದ್ದಾಗ ಬಂತು. ಅವರು ಬಂದಿಳಿದ ಕೆಲವೇ ವಾರಕ್ಕೆ ಕೊರೋನಾದಿಂದ ಊರೆಲ್ಲ ಬಾಗಿಲು ಹಾಕಿತು. ನಾನಾಗ ಹನ್ನೆರಡರ ಹುಡುಗಿ. ಸ್ಕೂಲು ಲ್ಯಾಪ್‌ಟಾಪಿನೊಳಗೆ, ಎಲ್ ಸೆಗುಂಡೋದ ಅಪ್ಪನ ಆಫೀಸು ಊಟದ ಟೇಬಲ್ಲಿನ ಮೇಲೆ. ಆ ಬೇಸಿಗೆಯಲ್ಲಿ ಖಾಲಿ ಗ್ಯಾಲರಿಗಳ ಮುಂದೆ ಬೇಸ್‌ಬಾಲ್ ಶುರುವಾದಾಗ ಅತ್ತೆ ಸೋಫಾದ ತುದಿಗೆ ಬಂದು ಕೂತರು. ಒಂದು ವಾರದಲ್ಲಿ ಆಟದ ನಿಯಮವೆಲ್ಲ ತಿಳಿದುಕೊಂಡರು. ಎರಡನೇ ವಾರದಿಂದ ಲಾಸ್ ಏಂಜಲೀಸ್ ಟೀಮು ಅವರದಾಯಿತು. ಅದರಲ್ಲೂ ಒಬ್ಬ ಎಡಗೈ ಪಿಚರ್, ಚೆಂಡು ಎಸೆಯುವ ಮುನ್ನ ಟೋಪಿಯನ್ನು ಎರಡು ಸಲ ಮುಟ್ಟಿಕೊಳ್ಳುತ್ತಿದ್ದವನು, ಅವರ ಪಾಲಿಗೆ ಮನೆಮಗನೇ ಆಗಿಬಿಟ್ಟ.

ನನ್ನ ಕನ್ನಡ ಹುಟ್ಟಿದ್ದು ಆ ಹಲಗೆಯ ಮೇಲೆ. ಅಲ್ಲಿಯವರೆಗೆ ಮನೆಯವರು ಕನ್ನಡದಲ್ಲಿ ಕೇಳಿದ್ದಕ್ಕೆ ನಾನು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದೆ. ಅತ್ತೆ ನನಗೆ ಅಕ್ಷರ ತಿದ್ದಿಸಿ, ಒಂದು ನೇಮ ಮಾಡಿದರು: ದಿನಾ ಬೆಳಿಗ್ಗೆ ಫೋನಿನಲ್ಲಿ ಆಟಗಾರರ ಸುದ್ದಿ ನೋಡಿ, ನಾನದನ್ನು ಕನ್ನಡದಲ್ಲಿ ಹಲಗೆಗೆ ಬರೆಯಬೇಕು, ಅವರು ಕಾಫಿ ಕುಡಿಯುತ್ತ ಓದಬೇಕು. ಯಾರಿಗೆ ಮೊಣಕೈ ನೋವು, ಯಾರಿಗೆ ಹತ್ತು ದಿನ ರಜೆ, ಯಾವ ಟೀಮು ಯಾರನ್ನು ಕೊಟ್ಟು ಯಾರನ್ನು ತರುವ ಮಾತಾಡುತ್ತಿದೆ, ಎಲ್ಲವೂ. “ಎಡಗೈಯವನಿಗೆ ಭುಜ ನೋವು” ಎಂದು ಬರೆದ ದಿನ ಅವರು ಲೋಟ ಕೆಳಗಿಟ್ಟು, “ಆ ಡಾಕ್ಟ್ರುಗಳಿಗೆ ಏನ್ ಗೊತ್ತಲೇ ಪುಟ್ಟಿ, ಹರಳೆಣ್ಣೆ ತಿಕ್ಕಿ ಬಿಸಿನೀರು ಹುಯ್ದ್ರೆ ಮೂರೇ ದಿನ” ಎಂದಿದ್ದರು. ಪ್ರತಿ ಬೆಳಿಗ್ಗೆ ತಮ್ಮ ಹಳೇ ಸೀರೆಯ ಒದ್ದೆ ತುಂಡಿನಲ್ಲಿ ಹಲಗೆಯನ್ನು ಅವರೇ ಒರೆಸಿ ನನ್ನ ಕೈಗೆ ಪೆನ್ನು ಕೊಡುತ್ತಿದ್ದರು.

ಬೇಸಿಗೆಯ ನಡುವೆ ಟ್ರೇಡಿನ ಗಡುವು ಬರುತ್ತದೆ. ಅಷ್ಟರೊಳಗೆ ಟೀಮುಗಳು ಆಟಗಾರರನ್ನು ಅದಲುಬದಲು ಮಾಡಿಕೊಳ್ಳಬೇಕು. ಆ ಕೆಲವು ದಿನ ಅಪ್ಪನಿಗೂ ಸ್ಯಾನ್ ಡಿಯಾಗೋದಲ್ಲಿದ್ದ ಚಿಕ್ಕಪ್ಪನಿಗೂ ಫೋನಿನಲ್ಲಿ ಹಬ್ಬ. ಒಬ್ಬೊಬ್ಬರದು ಒಂದೊಂದು ಊರಿನ ಟೀಮು, ಬೈದಾಟಕ್ಕೆ ಕೊನೆಯಿಲ್ಲ. ಅತ್ತೆಗೆ ಮಾತ್ರ ಅದು ಸಂಕಟದ ಕಾಲ. ತನ್ನನ್ನು ಬೇರೆ ಊರಿಗೆ ಕೊಟ್ಟ ಸುದ್ದಿಯನ್ನು ಆಟಗಾರನೊಬ್ಬ ಟಿವಿ ನೋಡಿ ತಿಳಿದುಕೊಂಡನಂತೆ ಎಂದು ನಾನು ಬರೆದಾಗ ಅವರಿಗೆ ಕಾಫಿ ಸೇರಲಿಲ್ಲ. “ನಮ್ ಖೋಖೋ ಟೀಮಿಂದ ಒಬ್ಬಳನ್ನ ಬಿಡಬೇಕಾದ್ರೆ ಮೊದ್ಲು ಬೇವಿನ ಮರದ ಕೆಳಗೆ ಕರೆದು, ಪಕ್ಕದಲ್ಲಿ ಕೂರಿಸ್ಕಂಡು ಹೇಳ್ತಿದ್ದೆ. ಆಮೇಲೆ ನೋಟೀಸ್ ಬೋರ್ಡಿಗೆ ಹೆಸರು. ಬೋರ್ಡ್ ನೋಡಿ ಯಾರೂ ಅಳಬಾರ್ದು” ಎಂದರು. ಇದನ್ನು ನಾನು ಕೇಳಿದ್ದೆ. ಕೇಳಿ ತಲೆಯಾಡಿಸಿದ್ದೆ. ಅದೇ ಇವತ್ತಿಗೂ ಚುಚ್ಚುವುದು.

ಮರುವರ್ಷದ ಗಡುವಿನ ದಿನಗಳು. ಸ್ಯಾನ್ ಡಿಯಾಗೋದಲ್ಲಿ ಚಿಕ್ಕಮ್ಮನನ್ನು ಆಫೀಸು ವಾಪಸ್ಸು ಕರೆದಿತ್ತು, ಅವರ ಮನೆಯಲ್ಲಿ ಅವಳಿ ಕೂಸುಗಳು. ಇತ್ತ ಅಮ್ಮ ಮನೆಯಿಂದಲೇ ಕೆಲಸ ಮಾಡಲು ಒಂದು ರೂಮು ಬೇಕೆನ್ನುತ್ತಿದ್ದಳು. ಇದ್ದ ಒಂದೇ ಹೆಚ್ಚುವರಿ ರೂಮು ಅತ್ತೆಯದು. ಅಪ್ಪ ಹಿತ್ತಲಲ್ಲಿ ಗಿಡಕ್ಕೆ ನೀರು ಬಿಡುತ್ತ, ಫೋನನ್ನು ಸ್ಪೀಕರಿಗೆ ಹಾಕಿ ಚಿಕ್ಕಪ್ಪನ ಜೊತೆ ಮಾತಾಡುತ್ತಿದ್ದ.

“ಅಣ್ಣಾ, ನಿಮ್ ಟೀಮಲ್ಲಿ ಸೀನಿಯರ್ ಪ್ಲೇಯರ್ ಒಬ್ರು ಬೆಂಚ್ ಮೇಲೆ ಕೂತಿದಾರಲ್ಲ, ನಮಗ್ ಕೊಡ್ರೀ ಮತ್ತೆ!”

“ತಗೊಳ್ಳೋ ಮಾರಾಯ! ಡೆಡ್‌ಲೈನ್ ಒಳಗೆ ಅಕ್ಕನ್ನ ನಾನೇ ಡ್ರೈವ್ ಮಾಡ್ಕೊಂಡ್ ಬಂದು ಬಿಡ್ತೀನಿ.”

ಇಬ್ಬರೂ ನಕ್ಕರು. ನಾನೂ ನಕ್ಕು ಒಳಗೆ ಓಡಿದೆ. ಇನ್ನೊಂದು ಗಳಿಗೆ ನಿಂತಿದ್ದರೆ, “ಅಕ್ಕಂಗಿನ್ನೂ ಹೇಳಿಲ್ಲ, ಭಾನುವಾರ ಹೇಳ್ತೀನಿ” ಎಂದು ಅಪ್ಪ ಹೇಳಿದ್ದೂ ಕೇಳುತ್ತಿತ್ತಂತೆ. ಮನೆಯ ದೊಡ್ಡ ಟ್ರೇಡು ಎಲ್ಲರಿಗಿಂತ ಮೊದಲು ನನಗೆ ಸಿಕ್ಕಿದೆ ಎಂಬ ಹಿಗ್ಗು ನನಗೆ. ಅತ್ತೆಗೆ ಗೊತ್ತಿಲ್ಲದೆ ಅತ್ತೆಯ ವಿಷಯ ಯಾರಾದರೂ ತೀರ್ಮಾನ ಮಾಡುತ್ತಾರೆಂದು ಆ ವಯಸ್ಸಿಗೆ ತೋಚಲಿಲ್ಲ. ಬೆಳಿಗ್ಗೆ ಬೇಗ ಎದ್ದು, ಎಡಗೈಯವನ ಭುಜದ ಸುದ್ದಿಯ ಕೆಳಗೆ, ಇದ್ದುದರಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದೆ: “ಗಿರಿಜತ್ತೆ: ಲಾಸ್ ಏಂಜಲೀಸಿನಿಂದ ಸ್ಯಾನ್ ಡಿಯಾಗೋಗೆ.”

ಅತ್ತೆ ಲೋಟ ಹಿಡಿದು ಬಂದರು. ಎಂದಿನಂತೆ ಮೇಲಿನಿಂದ ಓದಿದರು. ಕೊನೆಯ ಸಾಲನ್ನು ಎರಡು ಸಲ ಓದಿದರೆಂದು ಕಾಣುತ್ತದೆ. ಬಾಗಿಲಲ್ಲಿ ಬಂದು ನಿಂತ ಅಪ್ಪನ ಮುಖ ಬಿಳುಚಿದ್ದನ್ನು ನೋಡಿ ನಾನು ಪೆನ್ನಿಗೆ ಮುಚ್ಚಳ ಹಾಕಿದೆ. ಅತ್ತೆ ಅವನ ಕಡೆ ನೋಡಲೇ ಇಲ್ಲ. ನನ್ನನ್ನೇ ಕೇಳಿದರು:

“ನನ್ ಬದಲಿಗೆ ಯಾರ್ ಬರ್ತಾರೆ ಪುಟ್ಟಿ?”

“ನೋಬಡಿ, ಅತ್ತೆ... ಯಾರೂ ಇಲ್ಲ.”

“ಹಂಗಾದ್ರೆ ಇದು ಟ್ರೇಡ್ ಅಲ್ಲ. ಕೈಬಿಟ್ಟಿದ್ದು.”

“ಅಕ್ಕಾ, ಹಂಗಲ್ಲ, ನಾನೇ ಹೇಳೋಣ ಅಂತಿದ್ದೆ...” ಎಂದು ಅಪ್ಪ ಶುರುಮಾಡಿದ. “ಕೂಸುಗಳಿಗೆ ಜನ ಬೇಕಲ್ಲೋ, ಹೋಗ್ತೀನಿ. ಕೇಳಿದ್ರೂ ಹೋಗ್ತಿದ್ದೆ” ಎಂದು ಅತ್ತೆ ಲೋಟ ತೊಳೆದಿಟ್ಟರು. ನನ್ನ ಮೇಲೆ ಒಂದಿಷ್ಟೂ ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಇಷ್ಟು ಹೊತ್ತಿಗೆ ಮರೆಯುತ್ತಿದ್ದೆನೋ ಏನೋ. ಮಾರನೆಯ ಬೆಳಿಗ್ಗೆ ಅವರು ಹಲಗೆ ಒರೆಸಲಿಲ್ಲ, ಪೆನ್ನೂ ಕೊಡಲಿಲ್ಲ. ಅವರು ಹೊರಡುವ ತನಕ, ಮೂರು ವಾರ, ಎಲ್ಲರೂ ಆ ಸಾಲಿನ ಪಕ್ಕದಿಂದ ಕೈಹಾಕಿ ಫ್ರಿಜ್ಜಿನ ಬಾಗಿಲು ತೆಗೆದೆವು. ಅಳಿಸಲು ಯಾರಿಗೂ ಮುಖವಿರಲಿಲ್ಲ.

ಸ್ಯಾನ್ ಡಿಯಾಗೋ ಎರಡೂವರೆ ಗಂಟೆಯ ದಾರಿ. ಮೊದಮೊದಲು ತಿಂಗಳಿಗೊಮ್ಮೆ ಹೋದೆವು, ಆಮೇಲೆ ಹಬ್ಬಕ್ಕೊಮ್ಮೆ. ಅತ್ತೆಯ ತೋಳಲ್ಲಿ ಯಾವಾಗಲೂ ಒಂದು ಕೂಸು. ಚಿಕ್ಕಪ್ಪ ಹಾಕಿದ ಆಟ ಟಿವಿಯಲ್ಲಿ ನಡೆಯುತ್ತಿದ್ದರೂ ಅವರು ಬೆನ್ನು ತಿರುಗಿಸಿ ಬಟ್ಟೆ ಮಡಚುತ್ತಿದ್ದರು. ಅಮ್ಮನಿಗೆ ರೂಮು ಸಿಕ್ಕಿತು. ವರ್ಷ ತುಂಬುವ ಮೊದಲೇ ಅವಳನ್ನೂ ಆಫೀಸು ವಾಪಸ್ಸು ಕರೆಯಿತು, ಆ ರೂಮಿನಲ್ಲಿ ಒದ್ದೆ ಬಟ್ಟೆ ಒಣಗಿದವು. ಮುಂದಿನ ಬೇಸಿಗೆಯಲ್ಲಿ ಎಡಗೈಯವನನ್ನೂ ದೂರದ ಯಾವುದೋ ಟೀಮಿಗೆ ಕೊಟ್ಟರು. ಹೇಳದಿದ್ದರೆ ತಪ್ಪಾದೀತೆಂದು ಫೋನ್ ಮಾಡಿದೆ. ಅತ್ತೆ, “ಅವಂಗೆ ಮೊದ್ಲು ಹೇಳಿದ್ರಂತಾ?” ಎಂದರು. ಊಟ ಮಾಡುತ್ತಿದ್ದಾಗ ಸ್ನೇಹಿತನ ಮೆಸೇಜಿನಿಂದ ತನಗೆ ಗೊತ್ತಾಯಿತೆಂದು ಅವನೇ ಹೇಳಿಕೊಂಡದ್ದನ್ನು ನಾನು ಓದಿದ್ದೆ. “ಹ್ಞೂಂ ಅತ್ತೆ, ಪಕ್ಕದಲ್ಲಿ ಕೂರಿಸ್ಕೊಂಡು ಹೇಳಿದ್ರಂತೆ” ಎಂದೆ. “ಒಳ್ಳೇದಾಯ್ತು ಬಿಡು” ಎಂದರು.

ಅದರ ಮುಂದಿನ ಚಳಿಗಾಲದಲ್ಲಿ ಅತ್ತೆ ಅಲ್ಲೇ, ಮಧ್ಯಾಹ್ನ ಕೂಸುಗಳನ್ನು ಮಲಗಿಸಿ ತಾವೂ ಮಲಗಿದವರು ಏಳಲಿಲ್ಲ. ನಾನದನ್ನು ಕ್ಲಾಸಿನಲ್ಲಿ, ಫ್ಯಾಮಿಲಿ ಗ್ರೂಪಿಗೆ ಚಿಕ್ಕಪ್ಪ ಹಾಕಿದ್ದ ಮೆಸೇಜಿನಲ್ಲಿ ಓದಿದೆ.

ಗ್ಲೆಂಡೇಲಿನ ಮನೆ ಬಿಡುವಾಗ ಬೇಡದ ಸಾಮಾನಿನ ರಾಶಿಯಿಂದ ಆ ಹಲಗೆಯನ್ನು ನಾನು ಎತ್ತಿಕೊಂಡು ಬಂದೆ. ಈಗ ಅದು ನನ್ನ ಹಾಸ್ಟೆಲ್ ರೂಮಿನಲ್ಲಿದೆ. ಮೂರು ವಾರ ಒರೆಸದೆ ಬಿಟ್ಟ ಮಸಿ ಒಳಕ್ಕೆ ಇಳಿದಿದೆ. ಎಷ್ಟು ತಿಕ್ಕಿದರೂ ಸಂಜೆಯ ಓರೆ ಬೆಳಕು ಬಿದ್ದಾಗ ಆ ಸಾಲು ತೆಳ್ಳಗೆ ಏಳುತ್ತದೆ, ಹದಿಮೂರರ ಹುಡುಗಿಯ ದುಂಡು ಅಕ್ಷರ. ಅದನ್ನು ತಪ್ಪಿಲ್ಲದೆ ಬರೆಯಲು ಕಲಿಸಿದವರು ಅವರೇ.