ಪೈಲ್ವಾನನ ಬಾಣಂತನ

ನಮ್ಮ ಯಜಮಾನರು ಗಡಿಯಾರ ರಿಪೇರಿಯವರು. ಹೋದ ತಿಂಗಳು ಗಾಜಿನ ಪೆಟ್ಟಿಗೆಯಲ್ಲಿ ದೊಡ್ಡ ಕರಿ ಚೇಳೊಂದನ್ನು ಸಾಕಲು ತಂದರು. ಅಂಗಡಿಯ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ನೋಡಿ, "ಗಂಡೇ, ಅನುಮಾನವೇ ಬೇಡ" ಎಂದು ತೀರ್ಪು ಕೊಟ್ಟು ಪೈಲ್ವಾನ್ ಎಂದು ಹೆಸರಿಟ್ಟರು.

"ಈ ಮನೇಲಿ ಅದಿರ್ಬೇಕು, ಇಲ್ಲ ನಾನಿರ್ಬೇಕು" ಎಂದು ಅತ್ತೆ ಪಟ್ಟು ಹಿಡಿದರು. ನಾನು ಚೇಳಿಗೆ ತಪ್ಪದೆ ಜಿರಲೆ ಹಿಡಿದು ಹಾಕತೊಡಗಿದೆ.

ಒಂದು ಬೆಳಿಗ್ಗೆ ನೋಡಿದರೆ ಪೈಲ್ವಾನನ ಬೆನ್ನ ತುಂಬ ಅಕ್ಕಿಕಾಳಿನಂಥ ಬಿಳಿ ಮರಿಗಳು. ಯಜಮಾನರು ಭೂತಗನ್ನಡಿ ಒರೆಸುತ್ತ ನಿಂತರು.

"ಈಗ ಕೆಣಕಿದ್ರೆ ಹೆದರಿ ತನ್ನ ಮರಿಗಳನ್ನೇ ತಿಂದ್ಬಿಡುತ್ತಂತೆ" ಎಂದರು.

ಅಷ್ಟಕ್ಕೇ ಅತ್ತೆಯ ಕರುಳು ಚುರುಕ್ಕೆಂದಿತು. ಪೆಟ್ಟಿಗೆಗೆ ತಮ್ಮ ಶಾಲು ಹೊದಿಸಿದರು, ಬಾಟಲಿ ಮುಚ್ಚಳದಲ್ಲಿ ನೀರಿಡಿಸಿದರು, ಟೀವಿ ಆರಿಸಿದರು.

"ಬಾಣಂತಿ ಮಲಗಿದ್ದಾಳೆ, ಯಾರೂ ಸದ್ದು ಮಾಡ್ಬೇಡಿ."

ನನಗೆ ಮೈಯೆಲ್ಲ ಉರಿಯಿತು. "ನಾನು ಹೆತ್ತಾಗ ವಾರ ತುಂಬೋ ಮೊದಲೇ ಪಾತ್ರೆ ತೊಳೆಸಿದ್ರಲ್ಲ, ಅತ್ತೆ?" ಎಂದೆ.

ಅತ್ತೆ ಶಾಲಿನ ಅಂಚು ಸರಿಮಾಡುತ್ತ, ನನ್ನತ್ತ ತಿರುಗಿಯೂ ನೋಡದೆ ಹೇಳಿದರು:

"ನಿನಗೆ ಕೊಂಡಿ ಇರ್ಲಿಲ್ವಲ್ಲಮ್ಮ."