ಇಲ್ಲದ ಹೊಸ್ತಿಲು

ನಮ್ಮ ಮನೆಯೊಡತಿಯ ಹಣೆಯಲ್ಲಿ, ಹುಬ್ಬುಗಳಿಗಿಂತ ತುಸು ಮೇಲೆ, ಚರ್ಮ ದಡ್ಡುಗಟ್ಟಿ ಅಡ್ಡಕ್ಕೊಂದು ಗೆರೆ ಬಿದ್ದಿತ್ತು. ಮದುವೆಯಾದ ಹೊಸತರಲ್ಲಿ ಗಂಡನ ಮನೆಯ ಗಿಡ್ಡ ಬಾಗಿಲಿಗೆ ಮತ್ತೆ ಮತ್ತೆ ಬಡಿದುಕೊಂಡು ಆದದ್ದಂತೆ. ನಾನು ನೋಡುವ ಹೊತ್ತಿಗೆ ಆ ಬಾಗಿಲೂ ಇರಲಿಲ್ಲ, ಆ ಮನೆಯೂ ಇರಲಿಲ್ಲ. ನೌಕಾನೆಲೆಗೆ ಜಾಗ ಬಿಟ್ಟುಕೊಟ್ಟು ಅವರ ಊರಿಗೆ ಊರೇ ಎದ್ದು ಹೊಸ ಕಾಲೊನಿಗೆ ಬಂದಿತ್ತು.

ನಾವು ಮೂವರು ಹುಡುಗಿಯರು ಆಗ ಬಾಡಿಗೆ ಮನೆ ಹುಡುಕುತ್ತಿದ್ದೆವು. ನನಗೆ ಕಾರವಾರದ ಒಂದು ಕಚೇರಿಯಲ್ಲಿ ಕೆಲಸ. ಒಬ್ಬಳು ಅಂಕೋಲೆಯ ಆಸ್ಪತ್ರೆಯಲ್ಲಿ ನರ್ಸು, ಇನ್ನೊಬ್ಬಳು ಅಲ್ಲಿಯೇ ಶಾಲೆಯಲ್ಲಿ ಟೀಚರು. ಎರಡು ಸಾವಿರದ ಆಚೀಚಿನ ವರ್ಷಗಳವು. ನೌಕಾನೆಲೆಯ ಕೆಲಸಕ್ಕೆಂದು ಹೊರಗಿನಿಂದ ಬಂದ ಜನರಿಂದಾಗಿ ಕಾರವಾರದ ಬಾಡಿಗೆ ನಮ್ಮ ಕೈಗೆ ಎಟುಕುತ್ತಿರಲಿಲ್ಲ. ಕದ್ವಾಡದಲ್ಲಿ ಒಂದು ಮನೆ ಸಿಕ್ಕಿತ್ತು. ಆದರೆ ಅಂಕೋಲೆಯ ಇಬ್ಬರಿಗೆ ಅದು ತೀರ ದೂರ. ಕಡೆಗೆ ಹಟ್ಟಿಕೇರಿಯ ಕಡೆ, ಹೆದ್ದಾರಿಗೆ ಹತ್ತಿರದ ಈ ಕಾಲೊನಿಯಲ್ಲಿ ಅರ್ಧ ಮನೆ ಅಗ್ಗಕ್ಕೆ ಸಿಕ್ಕಿತು. ಎರಡೂ ಕಡೆಗೆ ಬಸ್ಸಿತ್ತು. ಹಿಂದಿನ ಅರ್ಧದಲ್ಲಿ ಮನೆಯೊಡತಿ, ಮಗ, ಸೊಸೆ ಇದ್ದರು. ನಾವು ಆಕೆಯನ್ನು ಆಯಿ ಎಂದು ಕರೆಯತೊಡಗಿದೆವು.

ಮೊದಲ ವಾರವೇ ಗಮನಿಸಿದ್ದು ಆಯಿಯ ನಡಿಗೆ. ತಲೆಯ ಮೇಲೆ ಮೊಳದುದ್ದ ಜಾಗವಿದ್ದರೂ ಪ್ರತಿ ಬಾಗಿಲಲ್ಲಿ ತಲೆ ತಗ್ಗಿಸುತ್ತಿದ್ದರು. ನಮ್ಮ ಹಾಲಿನ ನಟ್ಟನಡುವೆ ಬಂದಾಗ ಸೀರೆಯ ನಿರಿಗೆ ಹಿಡಿದು, ಕಾಲೆತ್ತಿ, ಏನನ್ನೋ ದಾಟುತ್ತಿದ್ದರು. ಅಲ್ಲಿ ಬರೀ ನೆಲವಿತ್ತು. ಬಲಮೂಲೆಯ ಹತ್ತಿರ ಬಂದರೆ ಮೈ ಓರೆ ಮಾಡಿಕೊಂಡು ಅದನ್ನು ಬಳಸಿ ಹೋಗುತ್ತಿದ್ದರು.

"ಮರೆವಿನ ಕಾಯಿಲೆ ಇರಬೇಕು" ಎಂದಳು ನರ್ಸು. ಆದರೆ ಆಯಿ ಏನನ್ನೂ ಮರೆಯುತ್ತಿರಲಿಲ್ಲ. ಟೀಚರಿಗೆ ಸಿಗಡಿ ಒಗ್ಗುವುದಿಲ್ಲವೆಂಬುದು, ನನ್ನ ಚಪ್ಪಲಿಯ ಉಂಗುಷ್ಠ ಕಿತ್ತದ್ದು, ಎಲ್ಲ ಅವರಿಗೆ ನೆನಪಿರುತ್ತಿತ್ತು. ನಮ್ಮಲ್ಲಿ ಯಾರಿಗಾದರೂ ಜ್ವರ ಬಂದರೆ ಗಂಜಿ ತಂದಿಟ್ಟು, ಉಂಡು ಮುಗಿಸುವ ತನಕ ಎದುರಿಗೇ ಕೂತಿರುತ್ತಿದ್ದರು.

ಒಂದು ಭಾನುವಾರ ನಾನು ತಲೆ ಒರೆಸಿಕೊಳ್ಳುತ್ತ ಆ ಬಲಮೂಲೆಗೆ ಹೋಗಿ ನಿಂತೆ. ಆಯಿ ಕೈಯಲ್ಲಿದ್ದ ಮೊರ ಬಿಟ್ಟು ಓಡಿಬಂದು ನನ್ನ ರಟ್ಟೆ ಹಿಡಿದೆಳೆದರು.

"ಅಲ್ಲಿ ಹೋಗ್ಬೇಡ್ವೆ ತಂಗೀ! ಬಾವಿ ಕಟ್ಟೆ ಬಿದ್ದೋಗದೆ. ಕಾಲ್ ಜಾರ್ತದೆ."

"ಎಲ್ಲಿ ಆಯಿ ಬಾವಿ?"

ಅವರು ಮೂಲೆಯನ್ನು ನೋಡಿದರು, ನನ್ನನ್ನು ನೋಡಿದರು. "ಹೌದಲ್ಲ" ಎಂದು ಸಣ್ಣಗೆ ಹೇಳಿ, ಚೆಲ್ಲಿದ ಅಕ್ಕಿ ಬಳಿಯತೊಡಗಿದರು.

ಆಮೇಲೆ ನಮ್ಮಲ್ಲಿ ಯಾರೂ ಅಲ್ಲಿ ಚಾಪೆ ಹಾಸಲಿಲ್ಲ, ಪೆಟ್ಟಿಗೆ ಇಡಲಿಲ್ಲ. ಆ ಬಗ್ಗೆ ಮಾತಾಡಿಕೊಂಡದ್ದೂ ಇಲ್ಲ. ಮಳೆಗಾಲ ಮುಗಿಯುವಷ್ಟರಲ್ಲಿ ಟೀಚರು ಬಾಗಿಲಲ್ಲಿ ತಲೆ ತಗ್ಗಿಸುತ್ತಿದ್ದಳು. ನಾನು ಹಾಲಿನ ನಡುವೆ ಕಾಲೆತ್ತುತ್ತಿದ್ದೆ. ನರ್ಸಿನ ತಾಯಿ ಒಮ್ಮೆ ಬಂದವರು ಹಾಸಿಗೆಯ ಸುರುಳಿಯನ್ನು ಬಲಮೂಲೆಗೆ ಒಯ್ದಾಗ ಮೂವರೂ ಒಟ್ಟಿಗೆ "ಅಲ್ಲಿ ಬೇಡ!" ಎಂದು ಕೂಗಿದೆವು. ಆ ತಾಯಿ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು. ಮಾರನೆಯ ಬೆಳಿಗ್ಗೆ ಹೊರಟಾಗ ಮಗಳನ್ನು ಪಕ್ಕಕ್ಕೆ ಕರೆದು, "ಬೇರೆ ಮನೆ ನೋಡ್ಕಣ್ರೆ" ಎಂದರು. ನಾವು ನೋಡಲಿಲ್ಲ.

ಹಳೆಯ ಊರಿನಲ್ಲಿ ಉಳಿದಿದ್ದ ದೇವರಿಗೆ ಪೂಜೆ ಸಲ್ಲಿಸಲು ವರ್ಷಕ್ಕೊಮ್ಮೆ ನೌಕಾನೆಲೆಯ ಒಳಗೆ ಹೋಗುವ ಪಾಸು ಸಿಗುತ್ತಿತ್ತು. ಆ ಸಲ ಸೊಸೆ ತುಂಬು ಬಸುರಿ, ಮಗನಿಗೆ ರಜೆಯಿಲ್ಲ. ಮುದುಕಿಯ ಕೈಹಿಡಿದು ನಡೆಸಲು ಒಬ್ಬರಿಗೆ ಅನುಮತಿ ಇದ್ದುದರಿಂದ ನಾನೇ ಹೊರಟೆ. ಬೆಳಗಿನ ಬಿಸಿಲು ಆಗಷ್ಟೇ ಏರುತ್ತಿತ್ತು. ಪೂಜೆ ಮುಗಿಸಿ, ಎಲ್ಲರೂ ತಂತಮ್ಮ ಮನೆಯಿದ್ದ ಜಾಗ ನೋಡಲು ಚದುರಿದರು. ಗೋಡೆಗಳಿರಲಿಲ್ಲ, ಪೊದೆಯೊಳಗೆ ಸಾಲು ಸಾಲು ಪಂಚಾಂಗಗಳು, ಕೆಡವಿದ ಮನೆಗಳ ಬರೀ ಅಡಿಪಾಯ, ಅವುಗಳ ಮೇಲೆ ತೆಂಗಿನಮರಗಳ ನೆರಳು. ಸಮುದ್ರ ಹತ್ತಿರವೇ ಇದ್ದರೂ ಸದ್ದು ಕೇಳುತ್ತಿರಲಿಲ್ಲ.

"ನಿಮ್ಮ ಮನೆ ಯಾವುದು ಆಯಿ?"

ಅವರು ಬಹಳ ಹೊತ್ತು ನೋಡಿದರು. "ಗೊತ್ತಾಗೂದಿಲ್ವೆ. ಎಲ್ಲಾ ಒಂದೇ ನಮೂನಿ ಕಾಣ್ತದೆ."

ಅವರನ್ನು ತೆಂಗಿನ ಬುಡದಲ್ಲಿ ನಿಲ್ಲಿಸಿ ನಾನು ಹುಲ್ಲಿನಲ್ಲಿ ಮುಂದೆ ಹೋದೆ. ಒಂದು ಪಂಚಾಂಗ ಹತ್ತಿ ನಡೆಯುತ್ತಿದ್ದಂತೆ ನನ್ನ ಕಾಲು ತಾನಾಗಿ ಮೇಲೆದ್ದಿತು. ಬಗ್ಗಿ ಹುಲ್ಲು ಸರಿಸಿದರೆ ಕೆಳಗೆ ಕರಿಕಲ್ಲಿನ ಹೊಸ್ತಿಲು, ನಡುವೆ ಸವೆದು ತಗ್ಗಾಗಿತ್ತು. ನಾನು ಹುಟ್ಟಿದಾರಭ್ಯ ಕಾಣದ ಜಾಗವದು. ಎಡಕ್ಕೆ ಅಡುಗೆಮನೆಯೆಂದು ನನಗೆ ತಿಳಿದಿತ್ತು. ಅಲ್ಲಿ ಒಲೆಯ ಮಣ್ಣು ಇನ್ನೂ ಕೆಂಪಗಿತ್ತು. ಬಲಮೂಲೆಗೆ ಹೋಗುವಾಗ ಮೈ ತಾನೇ ಓರೆಯಾಯಿತು. ಪೊದೆ ಸರಿಸಿದೆ. ಕಟ್ಟೆಯಿಲ್ಲದ ಬಾವಿ, ಕಾಲಿನಿಂದ ಒಂದು ಗೇಣು ಆಚೆ. ನೀರು ತಿಳಿಯಾಗಿ ಮೇಲೆಯೇ ನಿಂತಿತ್ತು, ಅದರಲ್ಲಿ ನನ್ನ ಮುಖವಿತ್ತು.

ಬೆನ್ನ ಹಿಂದೆ ಸದ್ದಾಗಿ ತಿರುಗಿದೆ. ಆಯಿ ಆ ಹೊಸ್ತಿಲಿನಾಚೆ ಬಂದು ನಿಂತಿದ್ದರು. ಸೆರಗು ಸರಿಮಾಡಿಕೊಂಡು, ಗುರುತಿಲ್ಲದವರ ಮನೆಗೆ ಬಂದವರ ಹಾಗೆ ಕೇಳಿದರು: "ಒಳಗೆ ಬರ್ಲಾ?"

"ಬನ್ನಿ" ಎಂದೆ.

ಬಂದರು. ಸುತ್ತ ನೋಡಿ, "ಚೆಂದ ಇಟ್ಕಂಡಿದ್ಯೆ" ಎಂದರು.

ಆ ದಿನದಿಂದ ಆಯಿ ಕಾಲೊನಿಯ ಮನೆಯಲ್ಲಿ ಎಲ್ಲರಂತೆ ನಡೆದಾಡಿದರು. ತಲೆ ತಗ್ಗಿಸಲಿಲ್ಲ, ಕಾಲೆತ್ತಲಿಲ್ಲ. ಹುಟ್ಟಿದ ಮೊಮ್ಮಗನ ತೊಟ್ಟಿಲನ್ನು ನಮ್ಮ ಹಾಲಿನ ಬಲಮೂಲೆಯಲ್ಲೇ ತೂಗಿದರು. ರಾತ್ರಿ ನಿದ್ದೆ ಬರುತ್ತದೆಂದು ಸಂತೋಷದಿಂದ ಹೇಳುತ್ತಿದ್ದರು. ಆ ನಡಿಗೆಯನ್ನು ಬಿಡಲಾಗದೆ ಹೋದವರು ನಾವು ಮೂವರೇ.

ನರ್ಸು ಮದುವೆಯಾಗಿ ಹೋದಳು. ಟೀಚರಿಗೆ ಮಂಜಗುಣಿಯ ಕಡೆ ಕೆಲಸವಾಯಿತು. ನಾನು ಅಲ್ಲಿಯೇ ಉಳಿದೆ. ನನ್ನ ತಂದೆಗೆ ಊರೂರಿಗೆ ವರ್ಗವಾಗುವ ಕೆಲಸ, ಬೆಳೆದದ್ದೆಲ್ಲ ಕ್ವಾರ್ಟರ್ಸುಗಳಲ್ಲಿ. ಕಣ್ಣು ಮುಚ್ಚಿ ನಡೆಯಬಲ್ಲಂಥ ಮನೆ ನನಗೆ ಇದ್ದದ್ದೇ ಇಲ್ಲ. ಈಗ ಒಂದಿದೆ. ಅದು ಎದ್ದು ನಿಂತಿದ್ದಾಗ ನಾನು ನೋಡಿಲ್ಲ, ಅಷ್ಟೇ.

ಮುಂದಿನ ಮಳೆಗಾಲದಲ್ಲಿ ಆಯಿ ಆಸ್ಪತ್ರೆ ಸೇರಿದರು. ಒಂದು ಸಂಜೆ ಕಚೇರಿ ಬಿಟ್ಟು ನೋಡಲು ಹೋದೆ. ಮಗ ಚಹಾ ತರಲು ಹೊರಗೆ ಹೋಗಿದ್ದ. ಆಯಿ ಕಣ್ಣು ತೆರೆದು ನನ್ನ ಕೈಹಿಡಿದರು.

"ಬಾಗ್ಲು ಹಾಕಂಡ್ ಬಂದ್ಯೇನೆ?"

"ಹಾಕಿ ಬಂದೆ ಆಯಿ."

"ಕೀಲಿ ನಿನ್ ಹತ್ರನೇ ಇರ್ಲಿ" ಎಂದು ಅವರು ಗೋಡೆಯ ಕಡೆ ಹೊರಳಿದರು. ಮರುದಿನ ಹೋಗಿಬಿಟ್ಟರು. ಯಾವ ಮನೆಯ ಬಾಗಿಲು ಎಂದು ನಾನು ಕೇಳಿರಲಿಲ್ಲ.