ದೀಪವಿಲ್ಲದ ಮುಖ

ಸೌದಿಯ ದಹ್ರಾನಿನ ಚಿತ್ರಶಾಲೆಯ ಮೇಲ್ಮಹಡಿಯ ಕೊನೆಯ ಕೋಣೆಯಲ್ಲಿ, ಚಿತ್ರದ ಮುಂದೆ ಕಟ್ಟಿದ ಹಗ್ಗದ ಈಚೆ, ಹೆಂಡತಿಯ ಎಡಕ್ಕೆ ನಾನು ನಿಂತಿದ್ದೆ. ಹೋದ ವರ್ಷದ ಚಳಿಗಾಲ, ಗುರುವಾರ, ಇಳಿಹೊತ್ತಿನ ಅಸರ್ ನಮಾಜಿನ ಬಾಂಗ್ ಮುಗಿದು ಸ್ವಲ್ಪ ಹೊತ್ತಾಗಿತ್ತು.

ಅವಳು ಅಲ್ ಖೋಬರಿನ ಇಂಡಿಯನ್ ಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದವಳು. ಸಕ್ಕರೆ ಕಾಯಿಲೆ ಅವಳ ನೋಟದ ನಡುಭಾಗವನ್ನು ತಿಂದುಹಾಕಿತ್ತು. ಯಾರನ್ನು ನೋಡಿದರೂ ಮುಖದ ಜಾಗದಲ್ಲಿ ಬೂದು ಕಲೆ. ಕಿವಿ, ಕೂದಲು, ಹೆಗಲು ಮಾತ್ರ ಕಾಣುತ್ತಿದ್ದವು. ಅದೂ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಇಟಲಿಯಿಂದ ಹಳೆಯ ಚಿತ್ರವೊಂದು ಬಂದಿದೆ ಎಂದು ತಿಳಿದಾಗ ಅವಳು ಕೇಳಿದ್ದು ಇಷ್ಟೆ: ಮಕ್ಕಳಿಗೆ ಪುಸ್ತಕದಲ್ಲಿ ತೋರಿಸಿ ಕಲಿಸಿದಂಥದ್ದನ್ನು, ಕಣ್ಣು ಹೋಗುವ ಮೊದಲು, ಒಮ್ಮೆ ಎದುರಿಗೆ ನೋಡಬೇಕು.

ಆದರೆ ಅದು ಒಬ್ಬ ಹೆಂಗಸಿನ ಮುಖದ ಚಿತ್ರ.

"ಅಂಗಿ ತೋಳಿನ ನೆರಿಗೆ ಕಾಣ್ತದೆ. ಮುಖ ಇಲ್ಲ. ನೀವು ಹೇಳಿ," ಎಂದಳು.

ನಾನು ಪೈಪ್‌ಲೈನ್ ತಪಾಸಣೆಯ ಎಂಜಿನಿಯರ್. "ಎಡಗೆನ್ನೆಯ ಕೆಳಗೆ ಕೂದಲೆಳೆಯಷ್ಟು ಬಿರುಕು. ಹಣೆಯ ಮೇಲೆ ವಾರ್ನಿಶ್ ಹಳದಿಯಾಗಿದೆ."

"ಎಂತ ಮಾರಾಯ್ರೆ, ಅವಳೇನು ನಿಮ್ಮ ಪೈಪಾ? ಬೆಳಕು ಎಲ್ಲಿಂದ ಬರ್ತದೆ, ಅದನ್ನು ನೋಡಿ."

ಹುಡುಕಿದೆ. ಚಿತ್ರದಲ್ಲಿ ಕಿಟಕಿ ಇರಲಿಲ್ಲ, ದೀಪ ಇರಲಿಲ್ಲ. ಮುಖದ ಹಿಂದೆಲ್ಲ ಕಪ್ಪು.

"ಎಲ್ಲಿಂದಲೂ ಇಲ್ಲ. ಮುಖವೇ ಬೆಳಗುತ್ತಿರುವ ಹಾಗಿದೆ."

ಅವಳು ನನ್ನ ಮಣಿಕಟ್ಟು ಹಿಡಿದುಕೊಂಡಳು. "ಅದು ಮೊದಲು ಪದ್ಯದಲ್ಲಿತ್ತು. ಪ್ರೀತಿಸಿದವಳು ಬೀದಿಯಲ್ಲಿ ಬಂದರೆ ಅವಳ ಮುಖದಿಂದಲೇ ಬೆಳಕು ಬರ್ತದೆ ಅಂತ ಇಟಲಿಯ ಹಳೆಯ ಕವಿಗಳು ಹಾಡಿದ್ರು. ಎಷ್ಟೋ ತಲೆಮಾರಿನ ಮೇಲೆ ಚಿತ್ರಕಾರರು ಆ ಮಾತನ್ನು ನಂಬಿ ದೀಪವನ್ನೇ ತೆಗೆದುಬಿಟ್ರು."

ಮತ್ತೆ ನೋಡಿದೆ. ಚಿತ್ರಕಾರ ಬಿಳಿಯ ತಳದ ಮೇಲೆ ತೆಳ್ಳಗೆ, ಪದರ ಪದರವಾಗಿ ಬಣ್ಣ ಹಚ್ಚಿದ್ದ. ಒಳಗೆ ಹೋದ ಬೆಳಕು ತಳ ಮುಟ್ಟಿ ಹಿಂದಿರುಗುತ್ತಿತ್ತು. ಯಾರೋ ಹಾಡಿದ ಸಾಲನ್ನು ಒಬ್ಬ ಮನುಷ್ಯ ಹೀಗೆ ಕೈಯಲ್ಲಿ ನಿಜ ಮಾಡಿ ತೋರಿಸಬಹುದೇ ಎಂದು ಬೆರಗಾದೆ. ನಿಧಾನವಾಗಿ ಹೇಳುತ್ತ ಹೋದೆ: ತುಟಿ ನಕ್ಕಿಲ್ಲ, ನಗುವುದರಲ್ಲಿದೆ. ಕಣ್ಣು ನಮ್ಮನ್ನಲ್ಲ, ನಮ್ಮ ಪಕ್ಕ ಬಂದು ನಿಂತ ಯಾರನ್ನೋ ನೋಡುತ್ತಿದೆ. ಹೆಂಡತಿ ಕಣ್ಣು ಮುಚ್ಚಿಕೊಂಡಳು.

ಅಲ್ಲಿ ಗೈಡ್ ಆಗಿದ್ದ ಸೌದಿ ಹುಡುಗಿ ಅದನ್ನು ಕಂಡು ಗಾಬರಿಯಿಂದ ಹತ್ತಿರ ಬಂದು, ಕುರ್ಚಿ ತರಲೇ ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಬೇಡಮ್ಮ," ಎಂದು ಇವಳು ಇಂಗ್ಲಿಷಿನಲ್ಲೇ ಹೇಳಿದಳು, "ನಾನು ನೋಡ್ತಾ ಇದ್ದೇನೆ."

ಹುಡುಗಿ ಚಿತ್ರದ ಕಡೆ ತಿರುಗಿ, ನಮ್ಮ ಜೊತೆಗೇ ನಿಂತುಬಿಟ್ಟಳು.

ಚಿತ್ರ ಇಟಲಿಗೆ ಮರಳಿದೆ. ಹೆಂಡತಿಗೆ ಈಗ ಅಂಚುಗಳೂ ಕಾಣುವುದಿಲ್ಲ. ಆ ಸಂಜೆ ಅದನ್ನು ನೋಡಿದವರಲ್ಲಿ ಆ ಹುಡುಗಿ ಇದ್ದಾಳೆ, ಈಗಲೂ ಅದೇ ಚಿತ್ರಶಾಲೆಯಲ್ಲಿ. ನಾನಿದ್ದೇನೆ. ನನ್ನ ಹೆಂಡತಿ ಇದ್ದಾಳೆ. ನೋಡಿದವರಲ್ಲಿ ಮೊದಲು ಹೆಸರಿಸಬೇಕಾದವಳು ಅವಳೇ.